ಪಹಣಿಯ ಹಿಂದಿನ ಬೆರಳಚ್ಚು

ಕಚೇರಿಗೆ ಕೃತಕ ಬುದ್ಧಿಮತ್ತೆ ತರುವವರು ನೆಲಮಂಗಲ ತಾಲ್ಲೂಕಿನ ಅರಿಶಿನಕುಂಟೆಯಂಥ ಊರುಗಳ ಪಹಣಿಯ ಚರಿತ್ರೆಯನ್ನು ಗಮನಿಸಬೇಕು. ಜಮೀನಿನ ಲೆಕ್ಕ ಮೊದಲು ವಂಶಪಾರಂಪರ್ಯದ ಶಾನುಭೋಗರ ಕೈಯಲ್ಲಿತ್ತು. 1961ರ ಕಾಯ್ದೆಯಿಂದ ಆ ಹುದ್ದೆ ರದ್ದಾಗಿ, ಲೆಕ್ಕ ಸರ್ಕಾರಿ ಗ್ರಾಮಲೆಕ್ಕಿಗರಿಗೆ ಬಂತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಅದನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಸೇರಿಸಿತು. ಅದರಲ್ಲೊಂದು ದೊಡ್ಡ ವಿವೇಕವಿತ್ತು: ಖಾತೆ ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿ ಬೆರಳಚ್ಚು ಒತ್ತಲೇಬೇಕಿತ್ತು. ಆಮೇಲೆ ‘ನಾನಲ್ಲ, ಯಂತ್ರ’ ಎನ್ನುವಂತಿರಲಿಲ್ಲ.

ಯಂತ್ರಕ್ಕೆ ಲಂಚವಿಲ್ಲ, ಮುಲಾಜಿಲ್ಲ, ನಡುವೆ ಮನುಷ್ಯನೇಕೆ ಎಂದು ಕೇಳಬಹುದು. ನಿಜ, ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ನಿಯಮ ರೈತರಿಗೆ ಉಪಕಾರ ಮಾಡಿತು. ಆದರೆ ಕೈಬರಹದ ಪಹಣಿಯ ತಪ್ಪುಗಳು ಕಂಪ್ಯೂಟರಿಗೂ ದಾಟಿದವು. ತಿದ್ದಲು ಮತ್ತೆ ಅಧಿಕಾರಿಯೇ ಬೇಕಾಯಿತು. ಹಾಗೆಯೇ ಕಚೇರಿಯಲ್ಲೂ ನೇಮಕಾತಿ, ಬಡ್ತಿಯ ತೀರ್ಮಾನವನ್ನು ಕೃತಕ ಬುದ್ಧಿಮತ್ತೆ ಬರೆದುಕೊಟ್ಟರೂ, ಹೊಣೆ ಹೊರುವವರ ಹೆಸರು ಅದರ ಕೆಳಗಿರಲಿ.