ಭುಜದ ಗುಳಿಯ ಬೆಳವಣಿಗೆ ದೋಷ: ಚಿತ್ರಣದ ಚರಿತ್ರೆ ಮತ್ತು ತುಮಕೂರು ಸೀಮೆಗೆ ಅದರ ಪಾಠ

ತೋಳಿನ ಮೂಳೆಯ ಗುಂಡುತಲೆ ಕೂರುವ ಆಳವಿಲ್ಲದ ಗುಳಿಯೇ ಗ್ಲೀನಾಯ್ಡ್. ಎಳೆಯ ಮಕ್ಕಳಲ್ಲಿ ಇದರ ಮೇಲ್ಮೈ ಬಹುಪಾಲು ಮೃದ್ವಸ್ಥಿ. ಮೇಲ್ಭಾಗದ ಮೂಳೆಕೇಂದ್ರ ಸುಮಾರು 10ನೇ ವರ್ಷಕ್ಕೆ ಮೂಡುತ್ತದೆ. ಕೆಳಭಾಗದ ಲಾಳಾಕಾರದ ಕೇಂದ್ರ ಹದಿಹರೆಯದಲ್ಲಿ ಮೂಡಿ, 17–18ರ ಹೊತ್ತಿಗೆ ಬೆಸೆದುಕೊಳ್ಳುತ್ತದೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಹಾಗಾಗಿ ವಯಸ್ಸಿಗೆ ತಕ್ಕ ಚಿತ್ರಣ ಸಿಕ್ಕಾಗ ಮಾತ್ರ ಈ ದೋಷ ಬೆಳಕಿಗೆ ಬಂದಿದೆ ಎಂಬುದು ಈ ಲೇಖನದ ವಾದ.

ಎಕ್ಸ್‌ರೇಯ ಕಾಲ

1895ರಲ್ಲಿ ರಾಂಟ್‌ಜೆನ್ ಎಕ್ಸ್ ಕಿರಣ ಕಂಡುಹಿಡಿದರು. ಹೆರಿಗೆಯಲ್ಲಿ ಕೊರಳ ಬುಡದ ನರಗಳಿಗೆ ಪೆಟ್ಟಾದ ಶಿಶುಗಳಲ್ಲಿ ಭುಜದ ಕೀಲು ಹಿಂದಕ್ಕೆ ಜಾರುವುದನ್ನು ಫೇರ್‌ಬ್ಯಾಂಕ್ 1913ರಲ್ಲಿ ವಿವರಿಸಿದರು. ನರದ ಪೆಟ್ಟಿಲ್ಲದೆ ಎರಡೂ ಭುಜಗಳ ಗುಳಿ ಕುಂಠಿತವಾಗಿದ್ದ ಐದು ಪ್ರಕರಣಗಳನ್ನು ಓವನ್ 1953ರಲ್ಲಿ ಪ್ರಕಟಿಸಿದರು. 1993ರಲ್ಲಿ ವರ್ತ್, ಲಯನ್ಸ್ ಮತ್ತು ರಾಕ್‌ವುಡ್ 16 ರೋಗಿಗಳನ್ನು ಪರಿಶೀಲಿಸಿದರು. ಇಂಥವರ ಫಿಲ್ಮಿನಲ್ಲಿ ಗುಳಿಯ ಕೆಳ ಅಂಚು ಸವೆದಂತೆ ಒರಟಾಗಿ, ಕೀಲಿನ ಕೆಳಸಂದು ಅಗಲವಾಗಿ ಕಾಣುತ್ತದೆ. ದೋಷ ಎರಡೂ ಕಡೆ ಸಮನಾಗಿರುವುದೇ ಹೆಚ್ಚು. ಒಂದೇ ಭುಜದ ಫಿಲ್ಮ್ ನೋಡಿದವರಿಗೆ ಈ ಸುಳಿವು ಕೈತಪ್ಪುತ್ತದೆ.

ಅಡ್ಡಸೀಳಿನ ನೋಟ

ಎದುರಿನಿಂದ ತೆಗೆದ ಫಿಲ್ಮಿನಲ್ಲಿ ಗುಳಿಯ ಹಿಂಬದಿಯ ಕೊರತೆ ಸರಿಯಾಗಿ ತಿಳಿಯುವುದಿಲ್ಲ. 1971ರಲ್ಲಿ ರೋಗಿಗಳ ಬಳಕೆಗೆ ಬಂದ ಸಿ.ಟಿ. ಸ್ಕ್ಯಾನ್, ಗುಳಿ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ ಎಂದು ಅಳೆಯುವ ದಾರಿ ತೆರೆಯಿತು. ಎಂ.ಆರ್.ಐ. ಮೃದ್ವಸ್ಥಿಯನ್ನೇ ತೋರಿಸಿತು. 1998ರಲ್ಲಿ ವಾಟರ್ಸ್ ಮತ್ತು ಸಂಗಡಿಗರು ಈ ಎರಡರ ನೆರವಿನಿಂದ, ಹೆರಿಗೆಯ ನರಪೆಟ್ಟಿನ ಬಳಿಕ ಕೀಲು ವಿಕಾರಗೊಳ್ಳುವುದನ್ನು ಏಳು ಹಂತಗಳಲ್ಲಿ ವರ್ಗೀಕರಿಸಿದರು. ಸ್ನಾಯುಗಳ ಎಳೆತ ಸಮತೋಲ ತಪ್ಪಿದಾಗ ಗುಂಡುತಲೆ ಹಿಂದಕ್ಕೆ ಒತ್ತುತ್ತದೆ. ಒತ್ತಿದ ಕಡೆ ಗುಳಿ ಚಪ್ಪಟೆಯಾಗುತ್ತದೆ. ಅಂದರೆ ಹುಟ್ಟುವಾಗ ಸರಿಯಿದ್ದ ಗುಳಿಯೂ ಬೆಳೆಯುತ್ತ ಕೆಡಬಲ್ಲದು.

ಹಂದಿಗೋಡಿನ ನಿದರ್ಶನ

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ. ಅಲ್ಲಿ ಮುಖ್ಯವಾಗಿ ಕೆಟ್ಟದ್ದು ಸೊಂಟದ ಕೀಲು. 1970ರ ದಶಕದ ನಡುವೆ ಬೆಳಕಿಗೆ ಬಂದ ಇದನ್ನು 1977ರ ವರದಿ ಮಲೆನಾಡಿನ ಕುಟುಂಬಗತ ಸಂಧಿವಾತ ಎಂದು ಕರೆಯಿತು. ಮುಂದೆ ಎಕ್ಸ್‌ರೇ ಮತ್ತು ವಂಶಾವಳಿಯ ಅಧ್ಯಯನಗಳು ಇದು ತಲೆಮಾರಿನಿಂದ ತಲೆಮಾರಿಗೆ ಸಾಗುವ ಮೂಳೆ ಬೆಳವಣಿಗೆಯ ದೋಷವೆಂದು ತೋರಿಸಿದವು. ಬೆಳವಣಿಗೆಯ ದೋಷವನ್ನು ಸವೆತದ ನೋವೆಂದು ಬಗೆಯುವ ಅಪಾಯ ಭುಜಕ್ಕೂ ಉಂಟು.

ತುಮಕೂರು, ಗುಬ್ಬಿ, ಕುಣಿಗಲ್

ತುಮಕೂರು ನಗರದಲ್ಲಿ ಜಿಲ್ಲಾ ಆಸ್ಪತ್ರೆಯೂ 1988ರಲ್ಲಿ ಆರಂಭವಾದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜೂ ಇವೆ. ಗುಬ್ಬಿ ಇಲ್ಲಿಂದ ಸುಮಾರು 20 ಕಿ.ಮೀ.; ಕುಣಿಗಲ್ಲಿನವರಿಗೆ ಬೆಂಗಳೂರೂ ಸುಮಾರು 70 ಕಿ.ಮೀ. ಅಷ್ಟೆ. ಆದರೆ ಕೂಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಓಡಾಡುವ ತಾಯಿಗೆ ಆ ದೂರ ಸಣ್ಣದಲ್ಲ. ಆದ್ದರಿಂದ ಮೊದಲ ಗುರುತು ತಾಲ್ಲೂಕಿನಲ್ಲೇ ಸಿಗಬೇಕು. ಅದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ರೋಗಿಯನ್ನು ಅಂಗಾತ ಮಲಗಿಸಿ, ತೋಳನ್ನು ಪಕ್ಕಕ್ಕೆ ಚಾಚಿಸಿ, ಭುಜದ ನೆತ್ತಿಗೆ ಕ್ಯಾಸೆಟ್ ಒತ್ತಿಟ್ಟು ಕಂಕುಳಿನ ಕಡೆಯಿಂದ ಕಿರಣ ಹಾಯಿಸಿದರೆ, ಗುಂಡುತಲೆ ಗುಳಿಯ ನಡುವೆ ಇದೆಯೋ ಹಿಂದಕ್ಕೆ ಸರಿದಿದೆಯೋ ತಿಳಿಯುತ್ತದೆ. ಶಿಶುಗಳಿಗಾದರೆ ವಿಕಿರಣವಿಲ್ಲದ ಅಲ್ಟ್ರಾಸೌಂಡ್ ಮೇಲು.

ಭುಜ ನೋವೆಂದು ಬರುವ ಹದಿಹರೆಯದವರಿಗೆ ಎದುರಿನ ಫಿಲ್ಮಿನ ಜೊತೆಗೆ ಕಂಕುಳಿನ ಫಿಲ್ಮನ್ನೂ ತೆಗೆಯಬೇಕು. ಗುಳಿಯ ಅಂಚು ಅನುಮಾನ ತರಿಸಿದರೆ ಇನ್ನೊಂದು ಭುಜವನ್ನೂ ನೋಡಬೇಕು. ಹೆರಿಗೆಯಾದ ಮೇಲೆ ಮಗು ಒಂದು ಕೈ ಎತ್ತದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೂರು ತಿಂಗಳಾದರೂ ಆ ಕೈಯ ಮೊಣಕೈ ಮಡಿಸದಿದ್ದರೆ ತಜ್ಞರ ಬಳಿ ಕಳಿಸಲೇಬೇಕು. ಬೆಳೆಯುವ ಗುಳಿಯನ್ನು ತಿದ್ದಲು ಕಾಲ ಅನುಕೂಲವಾಗಿರುವುದು ಬಾಲ್ಯದಲ್ಲೇ.