ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಯಚೂರಿನಿಂದ ದೂರವಾಣಿ ಮಾಡಿದ್ದ. ಮಗಳ ಓದಿಗೆಂದು ಕೊಂಡ ಕಂಪ್ಯೂಟರು ಮೂರೇ ದಿನಕ್ಕೆ ಆಮೆಯಂತಾಗಿದೆ ಎಂಬುದು ಅವನ ದೂರು. ಅದರಲ್ಲಿ ಏನೇನು ಹಾಕಿದ್ದೀಯಪ್ಪಾ ಎಂದು ಕೇಳಿದೆ. ಅಂಗಡಿಯಿಂದ ಬರುವಾಗಲೇ ಒಂದು ಆ್ಯಂಟಿವೈರಸ್ ಇತ್ತಂತೆ. ಸಾಲದೆಂದು ತಾನೇ ಇನ್ನೊಂದನ್ನು ಕೊಂಡು ಹಾಕಿದ್ದನಂತೆ. “ಒಂದಕ್ಕ ಸಿಗಲಿಲ್ಲಂದ್ರ ಇನ್ನೊಂದು ಹಿಡೀತದಲ್ರಿ ಸರ್” ಎಂದ. ನನಗೆ ನಗು ಬಂದಿತು, ಆದರೆ ಬಹಳ ಹೊತ್ತು ಉಳಿಯಲಿಲ್ಲ. ಇದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ.

ಅವನ ತರ್ಕವನ್ನು ಮೂರ್ಖತನವೆನ್ನಲಾಗದು. ಒಂದು ಕಾಲದಲ್ಲಿ ಅದು ಸರಿಯಾದ ತರ್ಕವೇ ಆಗಿತ್ತು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ಬರೆದ ‘ಬ್ರೈನ್’ ವೈರಸ್ ಫ್ಲಾಪಿಗಳ ಮೂಲಕ ಲೋಕವೆಲ್ಲ ಸುತ್ತಿತು. ಅದರೊಳಗೆ ಅವರು ತಮ್ಮ ಅಂಗಡಿಯ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದಿಟ್ಟಿದ್ದರು! ಇಂಥ ಕೀಟಲೆಗಳನ್ನು ಹಿಡಿಯಲು ಎಲ್ಲೆಡೆ ತಂತ್ರಾಂಶಗಳು ಹುಟ್ಟಿದವು. ಪ್ರಾಗ್ ನಗರದಲ್ಲಿ ಅವಾಸ್ಟ್, ಬ್ರನೋದಲ್ಲಿ ಎ.ವಿ.ಜಿ., 1990ರ ದಶಕದಲ್ಲಿ ನಮ್ಮ ಪುಣೆಯಲ್ಲಿ ಕೈಲಾಶ್ ಮತ್ತು ಸಂಜಯ್ ಕಾಟ್ಕರ್ ಸಹೋದರರ ಕ್ವಿಕ್ ಹೀಲ್. ಆ ಆರಂಭದ ದಿನಗಳ ತಂತ್ರಾಂಶ ಸಾಮಾನ್ಯವಾಗಿ ಕರೆದಾಗ ಮಾತ್ರ ಬರುವ ವೈದ್ಯನಂತೆ. ಫ್ಲಾಪಿ ಹಾಕಿ ಆಜ್ಞೆ ಕೊಟ್ಟರೆ ಪರೀಕ್ಷಿಸಿ, ಕೆಲಸ ಮುಗಿಸಿ ಹೊರಟುಹೋಗುತ್ತಿತ್ತು. ಒಬ್ಬ ವೈದ್ಯ ಹೋದ ಮೇಲೆ ಇನ್ನೊಬ್ಬನನ್ನು ಕರೆಸಿ ನಾಡಿ ತೋರಿಸಿದರೆ ತಪ್ಪೇನು? ತಿಳಿದವರೂ ಹಾಗೆಯೇ ಮಾಡುತ್ತಿದ್ದರು.

ಆಮೇಲೆ ವೈದ್ಯರು ಹೊರಡುವುದನ್ನು ಬಿಟ್ಟು ಮನೆಯಲ್ಲಿಯೇ ಬೀಡುಬಿಟ್ಟರು. ಅಂತರ್ಜಾಲ ಬಂದಿತು, 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಪ್ರೇಮಪತ್ರದ ವೇಷದ ಪಿಡುಗು, 2003ರಲ್ಲಿ ಬ್ಲಾಸ್ಟರ್, 2008ರ ಕೊನೆಗೆ ಕಾನ್‌ಫಿಕರ್ ಬಂದವು. ಕೇಳಿದಾಗ ಪರೀಕ್ಷಿಸುವುದು ಸಾಲದಾಯಿತು. ಕಂಪ್ಯೂಟರ್ ಚಾಲೂ ಆದಾಗಿನಿಂದ ಆರುವವರೆಗೂ ಒಳಗೆ ಕುಳಿತು, ತೆರೆಯುವ ಪ್ರತಿಯೊಂದು ಕಡತವನ್ನೂ ತಡೆದು ನೋಡಿ ಬಿಡುವುದು ರೂಢಿಯಾಯಿತು. ಪದ್ಧತಿ ಬದಲಾಯಿತು, ಸಲಹೆ ಮಾತ್ರ ಹಳೆಯದೇ ಜನರ ಬಾಯಲ್ಲಿ ಉಳಿಯಿತು.

ಇಬ್ಬರು ಕಾವಲುಗಾರರು ಒಂದೇ ಬಾಗಿಲಲ್ಲಿ ಕುಳಿತರೆ ಏನಾಗುತ್ತದೆಂದು ನೋಡಿ. ನೀವು ಒಂದು ಪತ್ರ ತೆರೆಯುತ್ತೀರಿ. ಮೊದಲನೆಯವನು ಅದನ್ನು ತಡೆದು ಪರೀಕ್ಷೆಗೆಂದು ತಾನು ಬಿಚ್ಚುತ್ತಾನೆ. ಯಾರೋ ಪತ್ರ ಬಿಚ್ಚಿದರೆಂದು ಎರಡನೆಯವನು ಅವನನ್ನೇ ತಡೆಯುತ್ತಾನೆ. ಕಳ್ಳರನ್ನು ಗುರುತಿಸಲೆಂದು ಪ್ರತಿಯೊಬ್ಬನ ಚೀಲದಲ್ಲಿಯೂ ಕಳ್ಳರ ಚಹರೆಗಳಿರುತ್ತವೆ. ಅವನ್ನು ಕಂಡು ಒಬ್ಬರನ್ನೊಬ್ಬರು ಕಳ್ಳರೆಂದು ಶಂಕಿಸಿದ್ದೂ ಉಂಟು. ಮನೆಯ ಯಜಮಾನ ಹೊಸ್ತಿಲಲ್ಲಿ ಕಾಯುತ್ತ ನಿಲ್ಲಬೇಕು.

“ರಾಯಚೂರು ಕೋಟೆಗೆ ಎರಡು ಸುತ್ತು ಗೋಡೆಯಿಲ್ಲವೇ ಗುರುಗಳೇ?” ಎಂದು ಯಾರಾದರೂ ಕೇಳಬಹುದು, ತರಗತಿಯಲ್ಲಿ ಹಾಗೆ ಕೇಳುವವರೇ ನನಗೆ ಹೆಚ್ಚು ಪ್ರಿಯರು. ಇದೆ. ಒಳಗಿನದು 1294ರಲ್ಲಿ ಕಾಕತೀಯರ ಕಾಲದಲ್ಲಿ ಗಾರೆಯಿಲ್ಲದೆ ಭಾರೀ ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು, ಹೊರಗಿನದು ಮುಂದೆ ಮುಸಲ್ಮಾನ ಅರಸರ ಕಾಲದ್ದು. ಆದರೆ ಅವು ಒಂದರ ಹಿಂದೆ ಒಂದು ನಿಂತ ಗೋಡೆಗಳು, ಎರಡಕ್ಕೂ ಒಬ್ಬನೇ ಕಿಲ್ಲೇದಾರ. ಕಂಪ್ಯೂಟರಿನಲ್ಲಿ ಅಂಥ ಎರಡನೆಯ ಗೋಡೆ ಫೈರ್‌ವಾಲ್. ಅದು ಹೊರಗಿನಿಂದ ಬರುವ ಸಂಪರ್ಕಗಳನ್ನು ನೋಡುತ್ತದೆ, ಆ್ಯಂಟಿವೈರಸ್ ಒಳಗಿನ ಕಡತಗಳನ್ನು ನೋಡುತ್ತದೆ. ಅವೆರಡೂ ಇರಲಿ. ಒಂದೇ ಬಾಗಿಲಿಗೆ ಇಬ್ಬರು ಕಿಲ್ಲೇದಾರರನ್ನು ಯಾವ ಅರಸನೂ ನೇಮಿಸಲಿಲ್ಲ.

ಇನ್ನು ನನ್ನ ಕಥೆ. 2009ರ ಅಕ್ಟೋಬರ್ ಆರಂಭದ ನೆರೆ ನಿಮಗೆಲ್ಲ ನೆನಪಿದೆ. ಮಂತ್ರಾಲಯದ ಮಠದೊಳಗೆ ತುಂಗಭದ್ರೆ ನುಗ್ಗಿದ್ದಳು, ನಮ್ಮ ದೇವಸುಗೂರಿನ ಕಡೆ ಕೃಷ್ಣೆ ದಡ ಮೀರಿದ್ದಳು. ನಿವೃತ್ತನಾಗಿ ಕೈ ಖಾಲಿಯಿದ್ದ ನಾನು ನದಿ ದಂಡೆಯ ಊರುಗಳಿಗೆ, ಮಾನ್ವಿ ತಾಲೂಕಿನವರೆಗೂ, ಬಸ್ಸಿನಲ್ಲಿ ಹೋಗಿ ವೃದ್ಧರ ಬಾಯಿಂದ ನೆರೆಯ ರಾತ್ರಿಯ ಮಾತುಗಳನ್ನು ಕೇಳಿ ಬರೆದುಕೊಂಡೆ. ಕೆಲವರು ಅಜ್ಜಂದಿರಿಂದ ಕೇಳಿದ ಹಳೆಯ ನೆರೆಗಳನ್ನೂ ಹೇಳಿದರು. ಒಟ್ಟು 43 ಮಂದಿ. ಸಂಜೆ ಮನೆಗೆ ಬಂದು ಒಂದೊಂದೇ ಬೆರಳಿನಿಂದ ಕೀಲಿ ಒತ್ತಿ ಕಂಪ್ಯೂಟರಿಗೆ ಏರಿಸಿದೆ. ಏರಿಸಿದಂತೆಲ್ಲ ಚೀಟಿಗಳನ್ನು ಒಲೆಗೆ ಹಾಕಿದೆ. ಈ ಅವಿವೇಕಕ್ಕೆ ಯಾವ ವೈರಸ್ಸೂ ಹೊಣೆಯಲ್ಲ.

ಅಣ್ಣನ ಮಗ ಒಂದು ಆ್ಯಂಟಿವೈರಸ್ ಹಾಕಿಕೊಟ್ಟಿದ್ದ. ಮಾಡಿದ್ದೆಲ್ಲ ಜೋಪಾನವಾಗಿರಲೆಂದು ನಾನೇ ಸಿ.ಡಿ. ತರಿಸಿ ಎರಡನೆಯದನ್ನು ಹಾಕಿಸಿದೆ. 2010ರ ಬೇಸಗೆಯಲ್ಲಿ ಭಾವಚಿತ್ರಗಳಿದ್ದ ಒಂದು ಪೆನ್‌ಡ್ರೈವ್ ಚುಚ್ಚಿದೆ. ಅದರಲ್ಲಿ ಫೋಲ್ಡರಿನ ವೇಷ ಹಾಕಿದ ವೈರಸ್ ಇತ್ತು. ಒಂದು ತಂತ್ರಾಂಶ ಹಿಡಿದು ತನ್ನ ಬಂದೀಖಾನೆಗೆ ಒಯ್ದಿತು. ಅಲ್ಲಿ ಅದನ್ನು ಕಂಡ ಇನ್ನೊಂದು “ವೈರಸ್ ಇದೆ” ಎಂದು ಕೂಗಿತು. ಅಳಿಸಹೋದರೆ ಮೊದಲನೆಯದು ಬಿಡದು. ಎಚ್ಚರಿಕೆಯ ಮೇಲೆ ಎಚ್ಚರಿಕೆ ಬಂದು ಪರದೆ ಸ್ತಬ್ಧವಾಯಿತು. ಮುಕ್ಕಾಲು ಗಂಟೆ ಕಾದೆ. ಕೊನೆಗೆ ಗುಂಡಿಯೊತ್ತಿ ಆರಿಸಿದೆ. ಆಮೇಲೆ ವಿಂಡೋಸ್ ಏಳಲೇ ಇಲ್ಲ. ರಿಪೇರಿಗೆ ಕೊಟ್ಟಲ್ಲಿ ಏನನ್ನೂ ಕೇಳದೆ ಫಾರ್ಮ್ಯಾಟ್ ಮಾಡಿ, ಹೊಸದರಂತೆ ಮಿರುಗಿಸಿ ಮರಳಿಸಿದರು. 43 ಮಂದಿಯ ಮಾತು ಅದರೊಂದಿಗೆ ಹೋಯಿತು. ಹೆಚ್ಚಿನವರ ಬಳಿ ಮತ್ತೆ ಹೋಗಲು ಮುಖವಿರಲಿಲ್ಲ. ಹೋಗಿದ್ದರೂ ಮೊದಲ ಸಲದ ಮಾತು ಸಿಗುತ್ತಿರಲಿಲ್ಲ. ಈಗ ಅವರಲ್ಲಿ ಬಹುಪಾಲು ಜನರೇ ಇಲ್ಲ.

ಇಂದಿನ ವಿಂಡೋಸ್ 10, 11ರಲ್ಲಿ ಡಿಫೆಂಡರ್ ಎಂಬುದು ಮೊದಲೇ ಇರುತ್ತದೆ. ಹೊರಗಿನ ಆ್ಯಂಟಿವೈರಸ್ ಬಂದರೆ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ. ಹೊರಗಿನವು ಎರಡಾದರೆ ಸರಿಯುವವರು ಯಾರು? ನನ್ನ ವಿದ್ಯಾರ್ಥಿಗೆ ಆಗಿದ್ದು ಅದೇ. ಸಂಶಯ ಬಂದಾಗ ಕರೆಸಿ ಕಳುಹಿಸುವ, ಹಳೆಯ ವೈದ್ಯನಂಥ ಎರಡನೆಯ ಪರೀಕ್ಷಕ ತಂತ್ರಾಂಶಗಳು ಈಗಲೂ ಇವೆ, ಅವುಗಳಿಂದ ತೊಂದರೆಯಿಲ್ಲ. ಕಾವಲುಗಾರ ಒಬ್ಬನೇ ಇದ್ದರೂ ಎಡವುವುದುಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತುಹೋದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು; ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಿಂದ ಬರೆದುಕೊಟ್ಟರು.

ಭಾನುವಾರ ಆ ವಿದ್ಯಾರ್ಥಿ ಕಂಪ್ಯೂಟರನ್ನು ಸ್ಕೂಟರಿನಲ್ಲಿಟ್ಟುಕೊಂಡು ಮನೆಗೇ ಬಂದಿದ್ದ. ಅಂಗಡಿಯವರು ಹಾಕಿದ್ದನ್ನು ತೆಗೆದೆವು. ಚಹಾ ಮುಗಿಯುವಷ್ಟರಲ್ಲಿ ಯಂತ್ರ ಸರಿಯಾಯಿತು. ಮಗಳ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲು ಮಾಡಿಸಿದ ಮೇಲೆಯೇ ಅವನನ್ನು ಬಿಟ್ಟೆ.

ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದ 11 ಮಂದಿಯ ಮಾತುಗಳು ಮಾತ್ರ ಒಲೆಯಿಂದ ತಪ್ಪಿಸಿಕೊಂಡಿವೆ. ಮುಂದಿನ ತಿಂಗಳಿನಿಂದ ಅವನ್ನು ಇಲ್ಲಿ ಒಂದೊಂದಾಗಿ ಕೊಡುತ್ತೇನೆ. ಆ ವರ್ಷ ನಿಮ್ಮ ಮನೆಯ ಹಿರಿಯರ ಬಳಿ ನಾನು ಬಂದು ಕುಳಿತದ್ದು, ಅವರು ಹೇಳಿದ್ದು ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಬರೆದು ಕಳುಹಿಸಿ. ಕಾಗದದಲ್ಲಿ ಬರೆದರೂ ಆದೀತು.