ಗೃಹ ಹವಾಮಾನ ಕೇಂದ್ರ: ವಾಯುಭಾರ ಮಾಪಕದ ಹೊಂದಾಣಿಕೆ

ವಾಯುಭಾರವು ಸ್ಥಳದ ಎತ್ತರಕ್ಕೆ ಅನುಗುಣವಾಗಿ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ಪ್ರಮಾಣಿತ ವಾಯುಭಾರವು 1013.25 ಹೆಕ್ಟೋಪ್ಯಾಸ್ಕಲ್ ಆಗಿದ್ದು, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 910 ಆಗಿರುತ್ತದೆ. ಇದು ಚಂಡಮಾರುತದ ಸೂಚನೆಯಲ್ಲ. ವಿವಿಧ ಸ್ಥಳಗಳ ಹೋಲಿಕೆಗಾಗಿ ಹವಾಮಾನ ವರದಿಗಳಲ್ಲಿ ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಅಂಕಿಯನ್ನು ನೀಡಲಾಗುತ್ತದೆ. ಮಾಪಕವನ್ನು ಈ ಕೆಳಕಂಡಂತೆ ಹೊಂದಿಸಿಕೊಳ್ಳತಕ್ಕದ್ದು.

1. ಮಾಪಕವನ್ನು ನೇರ ಬಿಸಿಲು ಬೀಳದ ಸ್ಥಳದಲ್ಲಿರಿಸುವುದು. ಮನೆಯ ಒಳಗೂ ಹೊರಗೂ ವಾಯುಭಾರವು ಬಹುತೇಕ ಒಂದೇ ಆಗಿರುತ್ತದೆ.

2. ಗಾಳಿ ಶಾಂತವಾಗಿರುವ ದಿನ, ಸಮೀಪದ ಹವಾಮಾನ ವೀಕ್ಷಣಾಲಯದ ಬೆಳಿಗ್ಗೆ 8.30ರ ಸಮುದ್ರಮಟ್ಟದ ವಾಯುಭಾರವನ್ನು ಪಡೆಯುವುದು.

3. ಅದೇ ವೇಳೆಯಲ್ಲಿ ಮಾಪಕದ ಸಾಪೇಕ್ಷ ಒತ್ತಡವನ್ನು ಆ ಅಂಕಿಗೆ ಹೊಂದಿಸುವುದು. ಸ್ಥಳೀಯ ಒತ್ತಡದ ಅಂಕಿಯನ್ನು ಬದಲಿಸಬಾರದು.

4. ಕೆಲವು ದಿನ ಪುನಃ ಪರಿಶೀಲಿಸುವುದು.

ವೇಳೆಯ ಪಾಲನೆ ಅತ್ಯಗತ್ಯ. ಉಷ್ಣವಲಯದಲ್ಲಿ ವಾಯುಭಾರವು ಪ್ರತಿದಿನ ಬೆಳಿಗ್ಗೆ ಸುಮಾರು 10 ಗಂಟೆಗೆ ಏರಿ, ಸಂಜೆ ಸುಮಾರು 4 ಗಂಟೆಗೆ 3ರಿಂದ 4 ಹೆಕ್ಟೋಪ್ಯಾಸ್ಕಲ್‌ಗಳಷ್ಟು ಇಳಿಯುವುದು ಸಹಜ. ಬೇರೆ ವೇಳೆಯ ಅಂಕಿಯೊಡನೆ ಹೋಲಿಸಿದಲ್ಲಿ ಆ ವ್ಯತ್ಯಾಸವು ಮಾಪಕದಲ್ಲಿ ದೋಷವಾಗಿ ಉಳಿಯುತ್ತದೆ.

ಗೃಹ ಮಾಪಕವು ಕೇವಲ ಮಾಹಿತಿಗಾಗಿ ಇರುತ್ತದೆ. ಚಂಡಮಾರುತದ ಮುನ್ನೆಚ್ಚರಿಕೆಗೆ ಭಾರತ ಹವಾಮಾನ ಇಲಾಖೆಯ ಪ್ರಕಟಣೆಯನ್ನೇ ಅನುಸರಿಸತಕ್ಕದ್ದು.